ಗಂಟೆ ಬರೆಯುತ್ತಿದ್ದ ಮೇಷ್ಟ್ರು

ರಶ್ಮಿ, ಪ್ರವೀಣ,

ನಮ್ಮ ಮೇಷ್ಟ್ರ ಬಲಗೈ ಹೆಬ್ಬೆರಳು ಯಾವಾಗಲೂ ನೀಲಿಯಾಗಿರುತ್ತಿತ್ತು. ಉಗುರಿನ ಸುತ್ತ, ಚರ್ಮದ ಗೆರೆಗಳೊಳಗೆ, ಎಷ್ಟು ಸೀಗೆಪುಡಿ ಹಾಕಿ ತಿಕ್ಕಿದರೂ ಬಿಡದ ಸ್ಟಾಂಪ್ ಪ್ಯಾಡಿನ ನೀಲಿ. ಊಟಕ್ಕೆ ಕೂತಾಗ ಬಿಳಿ ಅನ್ನದ ಪಕ್ಕ ಆ ಬೆರಳು ಎದ್ದು ಕಾಣುತ್ತಿತ್ತು. ನನ್ನ ಅತ್ತೆ ಬಡಿಸುವಾಗ ಮುಖ ಆಚೆ ತಿರುಗಿಸುತ್ತಿದ್ದರು.

ಅವರು ನನಗೆ ಏಳನೇ ತರಗತಿಯವರೆಗೆ ಕಲಿಸಿದವರು. ನಮ್ಮ ತೌರೂರಿನ ಶಾಲೆಗೆ ಅವರೊಬ್ಬರೇ ಮೇಷ್ಟ್ರು. ಲಿಂಗನಮಕ್ಕಿ ಅಣೆಕಟ್ಟಿನ ನೀರು ಏರಿ ಊರು, ಶಾಲೆ ಎರಡೂ ಮುಳುಗಿದ ಹೊತ್ತಿಗೆ ಅವರಿಗೆ ನಿವೃತ್ತಿಯೂ ಆಯಿತು. ಸಾಗರಕ್ಕೆ ಹೋಗಿ ಒಂದು ವಿಮಾ ಕಂಪನಿಯ ಏಜೆಂಟರಾದರು. ಹಳ್ಳಿಯವರಿಗೆ ಹೆಬ್ಬೆಟ್ಟು ಒತ್ತುವುದೆಂದರೆ ಭಯ. ಒಡೆಯರು ಒತ್ತಿಸಿಕೊಂಡ ಹೆಬ್ಬೆಟ್ಟಿನಿಂದ ಗೇಣಿ ಜಮೀನು ಕಳೆದುಕೊಂಡ ಮನೆಗಳು ನಮ್ಮಲ್ಲೇ ಬೇಕಾದಷ್ಟಿದ್ದವು. ಅದಕ್ಕೆ ಮೇಷ್ಟ್ರು ಮೊದಲು ತಮ್ಮ ಬೆರಳನ್ನು ಪ್ಯಾಡಿಗೆ ಅದ್ದಿ ಕಾಗದದ ಮೂಲೆಗೆ ಒತ್ತಿ, "ನೋಡಿ, ನಂದೂ ಹೋಯ್ತು, ಈಗ ನಿಮ್ದು ಕೊಡಿ" ಅನ್ನುತ್ತಿದ್ದರು. ಸಹಿ ಬರುವ ಮನುಷ್ಯನ ಬೆರಳು ಹೀಗೆ ನೀಲಿಯಾಯಿತು. ನನ್ನ ಹತ್ತಿರ ಮಾತ್ರ ಎಂದೂ ಹೆಬ್ಬೆಟ್ಟು ಕೇಳಲಿಲ್ಲ. ನನ್ನ ಶಿಷ್ಯೆ ಹೆಬ್ಬೆಟ್ಟು ಒತ್ತಿದರೆ ಆ ಶಾಯಿ ನನ್ನ ಮುಖಕ್ಕೆ ಬಳಿದಂತೆ ಎಂದಿದ್ದರು.

ಹೋದ ತಿಂಗಳು ಪ್ರವೀಣ ಗುಡ್ಡ ಹತ್ತುವ ಮೋಟಾರ್ ಸೈಕಲ್ ತಂದು, ಜಗುಲಿಯಲ್ಲಿ ಕೂತು ಫೋನಿನಲ್ಲೇ ಅದಕ್ಕೆ ವಿಮೆ ಮಾಡಿಸಿದ. ಒಂದು ಲೋಟ ಚಾ ಆರುವುದರೊಳಗೆ ಕೆಲಸ ಮುಗಿಯಿತು. ನಾನು ನೋಡುತ್ತಾ ಕೂತಿದ್ದೆ. ಏನಜ್ಜಿ ಎಂದು ರಶ್ಮಿ ಕೇಳಿದಳು. ಏನಿಲ್ಲ ಎಂದೆ. ಬಾಯಲ್ಲಿ ಹೇಳಲಾರದವಳು ನಾನು, ನಿಮಗೆ ಗೊತ್ತು. ಅದಕ್ಕೆ ಬರೆಯುತ್ತಿದ್ದೇನೆ.

ನಮ್ಮ ಗದ್ದೆ ಮುಳುಗಿದ ಮೇಲೆ ಹೊಸನಗರದ ಕಡೆ ಕಾಡು ಕಡಿದ ಜಾಗ ಕೊಟ್ಟರು. ಅದರಲ್ಲಿ ಮೂರು ವರ್ಷ ಏನೂ ಸರಿಯಾಗಿ ಬೆಳೆಯಲಿಲ್ಲ. ಆಗ ಒಬ್ಬ ಕಂತ್ರಾಟುದಾರರು ನಿಮ್ಮ ಅಜ್ಜನಿಗೆ ಒಂದು ಕೆಲಸ ಹೇಳಿದರು. ಕಾಡಿನೊಳಗೆ ಹಾದುಹೋದ ದೊಡ್ಡ ಕರೆಂಟು ಕಂಬಗಳ ಸಾಲಿನುದ್ದಕ್ಕೂ ಓಡಾಡಿ, ಎಲ್ಲಿ ಮರ ತಂತಿಗೆ ತಾಗುತ್ತಿದೆ ಎಂದು ನೋಡಿ ಬರುವ ಕೆಲಸ. ತಿಂಗಳ ಸಂಬಳ. ಆದರೆ ಸ್ವಂತ ಮೋಟಾರ್ ಸೈಕಲ್ ಇರಬೇಕು, ಅದರ ಕಾಗದಪತ್ರವೆಲ್ಲ ಸರಿಯಿರಬೇಕು, ದೀಪಾವಳಿಯೊಳಗೆ ತಂದು ತೋರಿಸಬೇಕು. ಇಲ್ಲದಿದ್ದರೆ ಕೆಲಸ ಇನ್ನೊಬ್ಬನಿಗೆ. ನಿಮ್ಮ ಅಜ್ಜ ಅದುವರೆಗೆ ಓಡಿಸಿದ್ದು ಬಾಡಿಗೆ ಸೈಕಲ್ ಮಾತ್ರ. ಶಿವಮೊಗ್ಗಕ್ಕೆ ಹೋಗಿ ಕಲಿಯುವವರ ಲೈಸೆನ್ಸು ಮಾಡಿಸಿಕೊಂಡು, ಗಾಡಿ ಕೊಳ್ಳುವ ಮೊದಲೇ ಕೆಂಪು ಬಣ್ಣದಲ್ಲಿ 'ಎಲ್' ಎಂದು ಬರೆದ ತಗಡು ತಂದರು. ಎರಡು ತಿಂಗಳು ಆ ತಗಡು ಗೋಡೆಗೆ ನೇತಾಡಿತು.

ಗಾಡಿ ಆರಿಸಲು ಮೇಷ್ಟ್ರನ್ನು ಕರೆದುಕೊಂಡು ಹೋದದ್ದು ನಿಮ್ಮ ಅಜ್ಜ ಮಾಡಿದ ತಪ್ಪು ಎಂದು ಅವರೇ ಎಷ್ಟೋ ಸಲ ಹೇಳಿದ್ದರು. ಮೇಷ್ಟ್ರಿಗೆ ಮೋಟಾರ್ ಸೈಕಲ್ ಓಡಿಸಲು ಬರುತ್ತಿರಲಿಲ್ಲ. ಅವರ ಹತ್ತಿರ ಇದ್ದದ್ದು ಶಾಲೆಯ ಒಂದಡಿ ಸ್ಕೇಲು. ಸಾಗರದ ಅಂಗಡಿಯಲ್ಲಿ ಹೊಸದೊಂದು ಫಳಫಳ ಹೊಳೆಯುತ್ತಾ ನಿಂತಿತ್ತಂತೆ. ನಿಮ್ಮ ಅಜ್ಜ ಅದರ ಟ್ಯಾಂಕನ್ನು ಸವರುತ್ತಾ ನಿಂತರೆ, ಮೇಷ್ಟ್ರು ಕೋಟು ಬಿಚ್ಚಿ ಅಂಗಡಿಯವರ ಕೈಗೆ ಕೊಟ್ಟು, ನೆಲಕ್ಕೆ ಮಂಡಿಯೂರಿ ಅದರ ಹೊಟ್ಟೆಗೂ ನೆಲಕ್ಕೂ ಎಷ್ಟು ಅಂತರ ಎಂದು ಸ್ಕೇಲು ಹಿಡಿದರಂತೆ.

"ಐದಿಂಚು. ನಿಮ್ಮ ಲೈನಿನ ಕೆಳಗೆ ಮರ ಕಡಿದ ಬೊಡ್ಡೆ ಎಷ್ಟೆತ್ತರ ಇರ್ತವೆ?"

"ಆರೇಳು ಇಂಚು ಇರ್ಬೋದು."

"ಹಂಗಾದ್ರೆ ಇದು ಬೊಡ್ಡೆ ಮೇಲೆ ಕೂತ್ಕಂಡು ಚಕ್ರ ಆಡಿಸ್ತದೆ ಅಷ್ಟೆ. ನೀವು ಇಳಿದು ಬೀಡಿ ಸೇದಬೋದು."

ಎರಡನೆಯದು ತೀರ್ಥಹಳ್ಳಿಯಲ್ಲಿ ಒಬ್ಬ ಡಾಕ್ಟರು ಮಾರುವುದಕ್ಕಿಟ್ಟಿದ್ದ ಭಾರೀ ಗಾಡಿ. ಅದನ್ನು ಮೇಷ್ಟ್ರು ಅಂಗಳದಲ್ಲಿ ಮಲಗಿಸಲು ಹೇಳಿದರು. "ಕಲಿಯೋರು ಬಿದ್ದೇ ಬೀಳ್ತಾರೆ. ಒಬ್ರೇ ಎತ್ತಿ ನಿಲ್ಸಿ ನೋಡಣ. ಕಾಡಲ್ಲಿ ಎತ್ತಿಕೊಡಕ್ಕೆ ಡಾಕ್ಟ್ರು ಬರಲ್ಲ." ನಿಮ್ಮ ಅಜ್ಜ ಮೂರು ಸಲ ಪ್ರಯತ್ನಿಸಿದರು, ಗಾಡಿ ಏಳಲಿಲ್ಲ. ಡಾಕ್ಟರು ಸಿಟ್ಟಾಗಿ ಇಬ್ಬರನ್ನೂ ಗೇಟಿನ ಹೊರಗೆ ಕಳಿಸಿದರು. ಆ ಸಂಜೆ ನಿಮ್ಮ ಅಜ್ಜ ಮನೆಗೆ ಬಂದು, "ನಿನ್ ಮೇಷ್ಟ್ರು ನಂಗೆ ಗಾಡಿ ಕೊಡ್ಸಕ್ಕೆ ಬಂದಿದಾರೋ ತಪ್ಸಕ್ಕೆ ಬಂದಿದಾರೋ ಕೇಳು" ಎಂದರು. ನಾನೇ ತಂದುಕೊಟ್ಟ ತೊಂದರೆಯೆಂಬಂತೆ.

ಮೂರನೆಯದು ಸಿಕ್ಕಿದ್ದು ಹೊಸನಗರದ ಒಂದು ಮರದ ಮಿಲ್ಲಿನಲ್ಲಿ. ಮಿಲಿಟರಿಯವರು ಹರಾಜು ಹಾಕಿದ್ದನ್ನು ಮಿಲ್ಲಿನ ಸಾಹುಕಾರರು ಆವರಣದೊಳಗೆ ಓಡಿಸಲು ತಂದು, ಬೇಸರವಾಗಿ ಮೂಲೆಗೆ ಹಾಕಿದ್ದರು. ಹಲ್ಲು ಹಲ್ಲಿನ ದಪ್ಪ ಟೈರು, ಮೊಣಕಾಲಿನ ಎತ್ತರಕ್ಕೆ ಹಾದುಹೋದ ಹೊಗೆ ಕೊಳವೆ, ಎಮ್ಮೆಯ ಬಣ್ಣ. ಸ್ಕೇಲಿಗೆ ಒಂಬತ್ತಿಂಚು ಬಂತು. ಮಲಗಿಸಿದರೆ ನಿಮ್ಮ ಅಜ್ಜ ಒಬ್ಬರೇ ಎತ್ತಿದರು. ಮುಳುಗಡೆ ಪರಿಹಾರದಲ್ಲಿ ಉಳಿದಿದ್ದೆಲ್ಲ ಅದಕ್ಕೆ ಹೋಯಿತು. ಆದರೆ ಅದಕ್ಕೆ ದೀಪವಿಲ್ಲ, ಹಾರ್ನ್ ಇಲ್ಲ, ನಂಬರ್ ಇಲ್ಲ. ಕಾಡಿಗೆ ಸರಿ, ರಸ್ತೆಗೆ ಇಳಿಸುವ ಹಾಗಿಲ್ಲ. ದೀಪ ಸಾಗರದಿಂದ ಬಂತು. ಹಾರ್ನ್ ಒಂದು ಹಳೆಯ ಬಸ್ಸಿನ ರಬ್ಬರ್ ಉಂಡೆಯದು. ಅದನ್ನು ಒತ್ತಿದರೆ ಕೊಟ್ಟಿಗೆಯ ದನಗಳೆಲ್ಲ ಎದ್ದು ನಿಲ್ಲುತ್ತಿದ್ದವು.

ಇನ್ನು ವಿಮೆ. ಮೇಷ್ಟ್ರು ಫಾರಂ ತುಂಬಿ ಕಳಿಸಿದರೆ ಶಿವಮೊಗ್ಗದಿಂದ ವಾಪಸು ಬಂತು. ಗಾಡಿ ಯಾವ ವರ್ಷದ್ದು ಎಂದು ಕೇಳಿದ್ದರು. ಅದನ್ನು ಹುಡುಕಿ ಬರೆದರೆ, ಓಡಿಸುವವರು ಇನ್ನೂ ಕಲಿಯುತ್ತಿರುವವರು, ಜೊತೆಗೆ ಕಾಡು ದಾರಿ, ಹೆಚ್ಚಿನ ವಿವರ ಬೇಕು ಎಂದು ಮತ್ತೆ ಬಂತು. ಮೂರನೆಯ ಸಲ ರಿಜಿಸ್ಟ್ರೇಷನ್ ನಂಬರ್ ಎಲ್ಲಿ ಎಂದರು. ಗಾಡಿ ತಪಾಸಣೆ ಮಾಡಿ ನಂಬರ್ ಕೊಡುವ ಇನ್ಸ್‌ಪೆಕ್ಟರನ್ನು ಕೇಳಿದರೆ ವಿಮೆ ಎಲ್ಲಿ ಎಂದರು. ಇದಿಲ್ಲದೆ ಅದಿಲ್ಲ, ಅದಿಲ್ಲದೆ ಇದಿಲ್ಲ. ಪ್ರತಿ ಸಲವೂ ಮೇಷ್ಟ್ರು ಸಾಗರದಿಂದ ಬಸ್ಸಿನಲ್ಲಿ ಬಂದು, ಇಳಿದು ಮೂರು ಮೈಲಿ ನಡೆದು, ಹೊಸ ಫಾರಂ ಹಿಡಿದು ಜಗುಲಿಗೆ ಹತ್ತುತ್ತಿದ್ದರು. ಅವರ ಕೊಡೆ ಕಂಡರೆ ನಿಮ್ಮ ಅಜ್ಜ ಹಿತ್ತಲ ಕಡೆಯಿಂದ ಹೊರಗೆ ಹೋಗಿಬಿಡುತ್ತಿದ್ದರು.

ಕೊನೆಗೆ ಮೇಷ್ಟ್ರೇ ಒಂದು ದಾರಿ ಹುಡುಕಿದರು. ನಂಬರ್ ಬರುವ ತನಕ ಇಂಜಿನ್ ನಂಬರಿನ ಮೇಲೆ ಒಂದು ತಾತ್ಕಾಲಿಕ ವಿಮಾ ಚೀಟಿ, ಅದಕ್ಕೆ ಕವರ್ ನೋಟು ಎನ್ನುತ್ತಿದ್ದರು, ಅದನ್ನು ಬರೆದುಕೊಡಲು ಕಂಪನಿಯಿಂದ ಅಪ್ಪಣೆ ತರಿಸಿಕೊಂಡರು. ಇನ್ಸ್‌ಪೆಕ್ಟರು ತಿಂಗಳಿಗೊಮ್ಮೆ ತೀರ್ಥಹಳ್ಳಿಗೆ ಬರುತ್ತಿದ್ದರು. ದೀಪಾವಳಿಗೆ ಮುಂಚೆ ಅದೇ ಕೊನೆಯ ಸಲ. ಮೇಷ್ಟ್ರು ಹಿಂದಿನ ದಿನವೇ ಬರಬೇಕಿತ್ತು, ಕವರ್ ನೋಟಿನ ಪುಸ್ತಕ ಅಂಚೆಯಲ್ಲಿ ತಡವಾಯಿತು. ಗಾಡಿಯನ್ನು ಮಿಲ್ಲಿನ ಲಾರಿಗೆ ಹೇರಿಕೊಂಡು ಹೋಗಿ, ಚೀಟಿ ಕೈಗೆ ಬರುವ ತನಕ ರಸ್ತೆಗೆ ಇಳಿಸಬೇಡಿ, ಮಧ್ಯಾಹ್ನದ ಬಸ್ಸಿನಲ್ಲಿ ನಾನೇ ತೀರ್ಥಹಳ್ಳಿಗೆ ತರುತ್ತೇನೆ ಎಂದು ಹೇಳಿಕಳಿಸಿದ್ದರು. ನಿಮ್ಮ ಅಜ್ಜ ಫಾರಮ್ಮಿನ ಕೆಳಗೆ ಸಹಿ ಮಾಡಿಟ್ಟು, "ಮೇಷ್ಟ್ರು ಬಂದ್ರೆ ಉತ್ತರ ಎಲ್ಲ ನೀನೇ ಹೇಳು, ನಿಂಗೆ ಗೊತ್ತಲ್ಲ" ಎಂದು ಬೆಳಗಾಗುತ್ತಲೇ ಹೊರಟರು.

ಮೇಷ್ಟ್ರು ಬಂದಾಗ ಹನ್ನೆರಡು ದಾಟಿತ್ತು. ಎರಡು ಗಂಟೆಗೆ ಬಸ್ಸು. ಅವರದೊಂದು ಹಟ, ಫಾರಮ್ಮಿನ ಯಾವ ಉತ್ತರವನ್ನೂ ತಾವಾಗಿ ಬರೆಯುತ್ತಿರಲಿಲ್ಲ. ಮನೆಯವರು ಬಾಯಿಬಿಟ್ಟು ಹೇಳಬೇಕು. ಮೊದಲ ವರ್ಷ ಯಾವುದೋ ಹಳೆಯ ಶಿಷ್ಯನ ವಯಸ್ಸನ್ನು ತಮಗೆ ಗೊತ್ತು ಎಂದು ತಾವೇ ಬರೆದಿದ್ದರಂತೆ. ಅದು ಎರಡು ವರ್ಷ ತಪ್ಪಿತ್ತು. ಅವನು ಸತ್ತಾಗ ಕಂಪನಿಯವರು ಹೆಂಡತಿಗೆ ಏನೂ ಕೊಡಲಿಲ್ಲ. "ನಂಗೆ ಗೊತ್ತು ಅನ್ನೋ ಸೊಕ್ಕಿಗೆ ಆ ಹೆಂಗ್ಸು ಇವತ್ತಿಗೂ ಕೂಲಿಗೆ ಹೋಗ್ತಾಳೆ" ಎಂದಿದ್ದರು.

ಇಂಜಿನ್ ನಂಬರ್ ಕೇಳಿದರು, ಬಾಯಿಪಾಠ ಹೇಳಿದೆ. ಗಾಡಿ ಎಲ್ಲಿ ನಿಲ್ಲಿಸುತ್ತೀರಿ, ಓಡಿಸುವವರಿಗೆ ಕಣ್ಣು ಸರಿಯಿದೆಯೇ, ಹಿಂದೆ ಕೂರುವವನಿಗೆ ಲೈಸೆನ್ಸು ಇದೆಯೇ, ಎಲ್ಲಕ್ಕೂ ಹೇಳಿದೆ. ಮಿಲ್ಲಿನ ಡ್ರೈವರ್ ಹಿಂದೆ ಕೂತು ಕಲಿಸುತ್ತಾನೆ ಎಂದೆ.

"ಮೊದಲ್ನೇ ಪ್ರಶ್ನೆ ಬಾಕಿ ಉಳೀತು. ಮಾಲೀಕರ ಹೆಸರು?"

ನಾನು ತಲೆ ತಗ್ಗಿಸಿದೆ. "ನಿಮಗೆ ಗೊತ್ತಲ್ದಾ ಮೇಷ್ಟ್ರೆ."

"ನಂಗೆ ಗೊತ್ತು. ಫಾರಮ್ಮಿಗೆ ಗೊತ್ತಿಲ್ಲ."

"ಬರ್ಕೊಳಿ."

"ನೀನು ಹೇಳು, ಬರ್ಕಂತೀನಿ."

ಗಂಡನ ಹೆಸರು ಹೇಳಿದರೆ ಅವನ ಆಯಸ್ಸು ಕಡಿಮೆಯಾಗುತ್ತದೆ ಎಂದು ನಮಗೆಲ್ಲ ಹೇಳಿಕೊಟ್ಟಿದ್ದರು. ನೀವು ನಗುತ್ತೀರಿ. ಆ ದಿನ ಅವರು ಊರಿನಲ್ಲಿರಲಿಲ್ಲ, ಕಲಿಯುವ ಗಾಡಿ ತೆಗೆದುಕೊಂಡು ಹೋಗಿದ್ದರು, ಎದುರಿಗಿದ್ದ ಫಾರಮ್ಮಿನ ತುಂಬಾ ಬಿದ್ದರೆ, ಸತ್ತರೆ ಎಂದೇ ಬರೆದಿತ್ತು. ನನಗೆ ನಗು ಬರಲಿಲ್ಲ.

"ಬೆಟ್ಟದ ಮೇಲಿರೋ ದೇವ್ರ ಹೆಸರು..." ಎಂದೆ.

"ದೇವ್ರಿಗೆ ವಿಮೆ ಮಾಡೋ ಕಂಪನಿ ಇನ್ನೂ ಹುಟ್ಟಿಲ್ಲ ಕಣೇ."

ಒಳಬಾಗಿಲಲ್ಲಿ ನಿಂತಿದ್ದ ನನ್ನ ಅತ್ತೆ, "ಅವಳ ಬಾಯಲ್ಲಿ ಎಂಥಕ್ಕೆ ಹೇಳಿಸ್ತೀರಿ ಮೇಷ್ಟ್ರೆ? ಪುಟ್ಟ ಅಂತ ಬರ್ಕೊಳಿ" ಎಂದರು.

"ಲೈಸೆನ್ಸಲ್ಲಿ ಪುಟ್ಟ ಅಂತ ಇಲ್ಲ ಅಮ್ಮ. ನಿಮ್ಮ ಮಗನ ಪೂರಾ ಹೆಸರು ನೀವೇ ಹೇಳಿ."

ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅದು ಅವರ ಮಾವನ ಹೆಸರು. ಮಗನಿಗೆ ಇಟ್ಟಿದ್ದು ಅಜ್ಜನ ಹೆಸರಾದ್ದರಿಂದ ಹೆತ್ತ ತಾಯಿಯೂ ಅದನ್ನು ಹೇಳುವ ಹಾಗಿರಲಿಲ್ಲ. ಮನೆಯಲ್ಲಿದ್ದ ಇಬ್ಬರು ಹೆಂಗಸರಿಗೂ ಆ ಮನೆಯ ಗಂಡಸಿನ ಹೆಸರು ಬಾಯಿಗೆ ತರುವಂತಿಲ್ಲ. ಪಕ್ಕದ ಮನೆಯೆಂದರೆ ಒಂದು ಮೈಲಿ. ಮೇಷ್ಟ್ರು ಪೆನ್ನು ನನ್ನ ಕಡೆ ಚಾಚಿ, "ಹಂಗಾದ್ರೆ ನೀನೇ ಬರಿ. ನಿಂಗೆ ಅಕ್ಷರ ಕಲ್ಸಿದೀನಿ" ಎಂದರು. ಹೇಳಿದ್ದಾದರೆ ಗಾಳಿಯಲ್ಲಿ ಹೋಗುತ್ತದೆ, ಸಾವಿನ ವಿಷಯವಿರುವ ಕಾಗದದ ಮೇಲೆ ನನ್ನ ಕೈಯಾರೆ ಹೇಗೆ ಬರೆಯಲಿ? ಪೆನ್ನು ಮುಟ್ಟಲಿಲ್ಲ.

ಅವರೂ ಬರೆಯಲಿಲ್ಲ. ಜೇಬಿನ ಗಡಿಯಾರ ತೆಗೆದು ಫಾರಮ್ಮಿನ ಪಕ್ಕ ಇಟ್ಟುಕೊಂಡು ಕೂತರು. ಆ ಮನುಷ್ಯನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಹೆಸರು ಗೊತ್ತಿದೆ, ಪೆನ್ನು ಕೈಯಲ್ಲಿದೆ, ಬಸ್ಸಿಗೆ ಹೊತ್ತಾಗುತ್ತಿದೆ, ವರ್ಷದ ಅನ್ನ ಆ ಕಾಗದದ ಮೇಲಿದೆ, ಇವರು ಗಡಿಯಾರ ನೋಡುತ್ತಾ ಕೂತಿದ್ದಾರೆ. ಕೊನೆಗೆ ಕಣ್ಣು ಮುಚ್ಚಿ ಹೇಳಿಬಿಟ್ಟೆ.

"ನಮ್ಮ ಶಾಲೇಲಿ ಹಿಂದಿನ ಸಾಲಿಗೆ ಕೇಳಬೇಕಿತ್ತು" ಎಂದರು ಮೇಷ್ಟ್ರು.

ಇನ್ನೊಂದು ಸಲ, ಜೋರಾಗಿ ಹೇಳಿದೆ. ಅತ್ತೆ ಒಳಗೆ ಹೋದರು. ಮೇಷ್ಟ್ರು ಬರೆದುಕೊಂಡರು, ತಾರೀಖು ಹಾಕಿದರು, ಅದರ ಮುಂದೆ ಒಂದು ಗಂಟೆ ಹತ್ತು ನಿಮಿಷ ಎಂದು ಬರೆದರು. ಶಾಲೆಯಲ್ಲೂ ನಮ್ಮ ಪಾಟಿಯ ಮೇಲೆ ಹಾಗೇ ಬರೆಸುತ್ತಿದ್ದರು. "ಬರೀ ತಾರೀಖು ಬರೆದ್ರೆ ಒಂದು ದಿನ ಬರೆದ ಹಾಗಾಯ್ತು. ದಿನದಲ್ಲಿ ಎಷ್ಟು ಸುಳ್ಳು ಹಿಡಿಸ್ತದೆ ಗೊತ್ತಾ? ಗಂಟೆ ಬರಿಬೇಕು."

ಸಂಜೆ ಮಿಲ್ಲಿನ ಲಾರಿ ಬಂದು ನಿಂತಿತು. ನಿಮ್ಮ ಅಜ್ಜನನ್ನು ಇಬ್ಬರು ಹಿಡಿದು ಇಳಿಸಿದರು. ಬಲಗೈಗೆ ಪಟ್ಟಿ ಕಟ್ಟಿತ್ತು, ಹಣೆ ಊದಿತ್ತು. ಲಾರಿಯ ಮೇಲೆ ಗಾಡಿ ಹೇರಿಕೊಂಡು ಹೋದರೆ ತೀರ್ಥಹಳ್ಳಿಯವರು ನಗುತ್ತಾರೆ ಎಂದು, ಡ್ರೈವರನ್ನು ಹಿಂದೆ ಕೂರಿಸಿಕೊಂಡು ಓಡಿಸಿಯೇ ಹೋಗಿದ್ದರು. ಹಂಚು ಹೇರಿದ್ದ ಒಂದು ಎತ್ತಿನಗಾಡಿಗೆ ಹೋಗಿ ಗುದ್ದಿದ್ದರು. ಎತ್ತಿಗೂ ಮನುಷ್ಯರಿಗೂ ಹೆಚ್ಚೇನೂ ಆಗಿರಲಿಲ್ಲ, ಹಂಚು ಮುಕ್ಕಾಲು ಪಾಲು ಪುಡಿಯಾಗಿತ್ತು.

ಅತ್ತೆ ಕೂಗಾಡಲಿಲ್ಲ. ನನ್ನನ್ನು ನೋಡಿ, "ಹೇಳಿದ್ಯಲ್ಲ, ಜೋರಾಗಿ" ಎಂದರು, ಅಷ್ಟೆ. ಆಮೇಲೆ ನನ್ನ ಕೈಯಿಂದ ನೀರನ್ನೂ ತೆಗೆದುಕೊಳ್ಳಲಿಲ್ಲ. ಮಗನಿಗೆ ಗಂಜಿಯನ್ನೂ ಅವರೇ ಕುಡಿಸಿದರು, ನನ್ನನ್ನು ಹಾಸಿಗೆಯ ಹತ್ತಿರ ಬಿಡಲಿಲ್ಲ. ಅವರನ್ನು ದೂರಿ ಏನು ಫಲ? ನಾನೇ ನಂಬಿದ್ದೆ. ಮಧ್ಯಾಹ್ನ ಹೆಸರು ಹೇಳಿದೆ, ಸಂಜೆ ಗಂಡ ಈ ಸ್ಥಿತಿಯಲ್ಲಿ ಬಂದರು. ಮೂರು ದಿನ ನಾನು ಕೊಟ್ಟಿಗೆಯಲ್ಲೇ ಕೆಲಸ ಹುಡುಕಿಕೊಂಡೆ.

ನಾಲ್ಕನೆಯ ದಿನ ಮೇಷ್ಟ್ರು ಬಂದರು. ಆ ದಿನ ತೀರ್ಥಹಳ್ಳಿಯಲ್ಲಿ ಕವರ್ ನೋಟು ಹಿಡಿದು ಸಂಜೆಯವರೆಗೆ ಕಾದಿದ್ದರಂತೆ. ನಿಮ್ಮ ಅಜ್ಜ ಮಲಗಿದ್ದಲ್ಲಿಂದಲೇ ಮಾತು ತೆಗೆದರು.

"ಹಂಚಿನವನು ದಿನಾ ಬರ್ತಿದಾನೆ ಮೇಷ್ಟ್ರೆ. ವಿಮೆಯಿಂದ ಕೊಡಿಸ್ಬೇಕು ನೀವು."

"ಬಿದ್ದದ್ದು ಎಷ್ಟು ಗಂಟೆಗೆ?"

"ಹತ್ತೂವರೆ. ಎದುರಿಗೆ ಹತ್ತೂವರೆ ಬಸ್ಸು ಬಂತು, ಅದಕ್ಕೆ ದಾರಿ ಬಿಡಕ್ಕೆ ಹೋಗಿಯೇ ಗುದ್ದಿದ್ದು."

"ಚೀಟಿ ಬರೆದಿದ್ದು ಒಂದು ಹತ್ತಕ್ಕೆ. ಅದಕ್ಕೆ ಮುಂಚೆ ಆಗಿದ್ದಕ್ಕೆ ಬರಲ್ಲ."

"ಒಂಬತ್ತು ಅಂತ ಬರೀರಿ. ಯಾರು ನೋಡಿದಾರೆ?"

ಅತ್ತೆಯೂ ಬಾಗಿಲಿಗೆ ಬಂದು ಕೈಮುಗಿದರು. "ಬರೀರಿ ಮೇಷ್ಟ್ರೆ. ಒಂದಕ್ಷರದ ಕೆಲಸ. ಇಲ್ದಿದ್ರೆ ನಮ್ಮ ಹಂಚು ಕೊಡ್ಬೇಕಾಗ್ತದೆ."

ನಮ್ಮ ಹಂಚು ಎಂದರೆ, ಮುಳುಗುವ ಮನೆಯ ಮಾಡಿನಿಂದ ಒಂದೊಂದಾಗಿ ಇಳಿಸಿ, ಹುಲ್ಲು ಸುತ್ತಿ ತಂದು ಅಂಗಳದಲ್ಲಿ ಜೋಡಿಸಿಟ್ಟಿದ್ದು. ಹುಲ್ಲಿನ ಮಾಡು ತೆಗೆದು ಆ ವರ್ಷ ಹೊದಿಸಬೇಕೆಂದಿದ್ದೆವು. ಆ ಊರಿನಿಂದ ನಮಗೆ ಉಳಿದಿದ್ದು ಅದೊಂದೇ.

ಮೇಷ್ಟ್ರು ಅತ್ತೆಯ ಮುಖ ನೋಡಿ ನಿಧಾನವಾಗಿ ಹೇಳಿದರು. "ಒಂಬತ್ತು ಅಂತ ಬರೆದ್ರೆ, ಇವಳು ಒಂಬತ್ತಕ್ಕೆ ಹೆಸ್ರು ಹೇಳಿದ್ಲು, ಅದಾದ ಮೇಲೆ ಹತ್ತೂವರೆಗೆ ಅವರು ಬಿದ್ರು ಅಂತಾಗ್ತದೆ. ನಡೆದಿದ್ದು ಹಂಗಲ್ಲ. ಇವಳು ಬಾಯಿ ಬಿಡೋ ಹೊತ್ತಿಗೆ ಅವರು ಬಿದ್ದು ಎರಡೂವರೆ ಗಂಟೆ ಮೇಲಾಗಿತ್ತು. ನಾನು ಅದನ್ನ ಹಿಂದೆ ಮುಂದೆ ಮಾಡಲ್ಲ ಅಮ್ಮ."

ಅತ್ತೆ ಬೆರಳು ಮಡಚಿ ಹತ್ತು, ಹನ್ನೊಂದು, ಹನ್ನೆರಡು ಎಂದು ಎಣಿಸಿದ್ದು ನನಗೆ ಕಂಡಿತು. ಮೇಷ್ಟ್ರು ಚೀಲದಿಂದ ಒಂದು ಬಿಳಿ ಹಾಳೆ ತೆಗೆದು ನಾಲ್ಕು ಸಾಲು ಬರೆದರು. ಕಂಪನಿಗೆ ಮನೆಯ ಹಿರಿಯರ ಹೇಳಿಕೆ ಬೇಕು ಎಂದರು. ಗಟ್ಟಿಯಾಗಿ ಓದಿದರು. ನನ್ನ ಮಗ ಬೆಳಿಗ್ಗೆ ಹತ್ತೂವರೆಗೆ ಬಿದ್ದನು, ನನ್ನ ಸೊಸೆ ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ ವಿಮೆಯವರಿಗೆ ಹೆಸರು ಹೇಳಿದಳು, ಇದು ನಿಜ. ಪ್ಯಾಡು ತೆರೆದು ಮೊದಲು ತಮ್ಮ ನೀಲಿ ಬೆರಳನ್ನು ಮೂಲೆಗೆ ಒತ್ತಿದರು. "ನೋಡಿ, ನಂದೂ ಹೋಯ್ತು."

ಅತ್ತೆ ಬಹಳ ಹೊತ್ತು ಆ ಹಾಳೆ ನೋಡಿದರು. ಆಮೇಲೆ ಒತ್ತಿದರು. ಕೈ ಒರೆಸಿಕೊಳ್ಳುತ್ತಾ ನನ್ನ ಕಡೆ ತಿರುಗದೆ, "ಏ ಹುಡುಗಿ, ಕುಡಿಯಕ್ಕೆ ನೀರು ತಾ" ಎಂದರು.

ಹಂಚು ಹೋಯಿತು. ಹಂಚಿನವನು ಎರಡು ಗಾಡಿ ತಂದು ಹೇರಿಕೊಂಡು ಹೋದ. ಕೆಲಸವೂ ಆ ದೀಪಾವಳಿಗೆ ಬೇರೆಯವನ ಪಾಲಾಯಿತು. ನಾವು ಇನ್ನೂ ನಾಲ್ಕು ವರ್ಷ ಹುಲ್ಲಿನ ಮಾಡಿನಡಿಯಲ್ಲೇ ಇದ್ದೆವು. ನಿಮ್ಮ ಅಜ್ಜ ಎರಡು ವರ್ಷ ಮೇಷ್ಟ್ರ ಹತ್ತಿರ ಮಾತಾಡಲಿಲ್ಲ. ನನಗೂ ಪ್ರತಿ ಬೇಸಿಗೆ ಮಾಡಿಗೆ ಹೊಸ ಹುಲ್ಲು ಹೊದಿಸುವಾಗ ಅವರ ನೆನಪಾಗಿ ಮೈ ಉರಿಯುತ್ತಿತ್ತು. ಒಂದಕ್ಷರ ಬದಲಿಸಿದ್ದರೆ ಆ ಹಂಚು ತಲೆಯ ಮೇಲಿರುತ್ತಿತ್ತು ಅಂದುಕೊಳ್ಳುತ್ತಿದ್ದೆ. ಅದರ ಹಿಂದೆಯೇ, ಆ ಅಕ್ಷರ ಬದಲಾಗಿದ್ದರೆ ನಾನು ಈ ಮನೆಯಲ್ಲಿ ಹೇಗಿರುತ್ತಿದ್ದೆ ಎಂದೂ ಅನ್ನಿಸುತ್ತಿತ್ತು. ಎರಡೂ ಒಟ್ಟಿಗೇ ಬರುತ್ತಿದ್ದವು. ಮೇಷ್ಟ್ರು ಮಾತ್ರ ಏನೂ ಆಗದವರಂತೆ ಪ್ರತಿ ವರ್ಷ ವಿಮೆ ನವೀಕರಿಸಲು ಒಂದು ಕಾರ್ಡು ಹಾಕುತ್ತಿದ್ದರು. ಮೇಲೆ ತಾರೀಖು, ಪಕ್ಕದಲ್ಲಿ ಗಂಟೆ. ಮರುವರ್ಷ ಗಾಡಿಗೆ ನಂಬರೂ ಬಂತು, ನಿಮ್ಮ ಅಜ್ಜ ಪರೀಕ್ಷೆ ಪಾಸಾಗಿ 'ಎಲ್' ತಗಡು ಕಿತ್ತರು. ಕಂತ್ರಾಟುದಾರರ ಹೊಸ ಮನುಷ್ಯ ಕಾಡಿಗೆ ಹೆದರಿ ಬಿಟ್ಟುಹೋದ ಮೇಲೆ ಆ ಕೆಲಸವೂ ಸಿಕ್ಕಿತು. ಒಂಬತ್ತಿಂಚಿನ ಆ ಗಾಡಿ ಯಾವ ಬೊಡ್ಡೆಗೂ ಸಿಕ್ಕಿಕೊಳ್ಳಲಿಲ್ಲ. ನಿಮ್ಮ ಅಪ್ಪ ಹೈಸ್ಕೂಲಿಗೆ ಹೋಗುವ ತನಕ ಓಡಿತು.

ಮೇಷ್ಟ್ರು ತೀರಿಕೊಂಡದ್ದು ಸಾಗರದಲ್ಲಿ, ಮಗಳ ಮನೆಯಲ್ಲಿ. ಅದಕ್ಕೆ ಒಂದು ವಾರ ಮುಂಚೆ ನೋಡ ಹೋಗಿದ್ದೆ. ಕೆಲಸ ಬಿಟ್ಟು ಬಹಳ ವರ್ಷವಾಗಿತ್ತು. ಹೊದಿಕೆಯ ಮೇಲಿದ್ದ ಹೆಬ್ಬೆರಳು ಬೆಳ್ಳಗಾಗಿತ್ತು, ಬೇರೆ ಯಾರದೋ ಬೆರಳಿನ ಹಾಗೆ. ಆ ದಿನ ಅಷ್ಟು ಹಟ ಮಾಡಿದ್ದು ಕಂಪನಿಗಾಗಿಯೋ ನನಗಾಗಿಯೋ ಎಂದು ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಎದುರಿಗೆ ಕೂತಾಗ ಬಾಯಿ ಬರಲಿಲ್ಲ. ಅವರೇ ಕಣ್ಣು ತೆರೆದು, "ನಿನ್ ಯಜಮಾನ್ರ ಹೆಸ್ರೇನೇ?" ಎಂದರು. ನಕ್ಕೆ. ಹೇಳಲಿಲ್ಲ.

ವೈಕುಂಠ ಸಮಾರಾಧನೆಯ ದಿನ ಅವರ ಮಗಳು ನನಗೊಂದು ಲಕೋಟೆ ಕೊಟ್ಟರು. ಅಪ್ಪನ ಪೆಟ್ಟಿಗೆಯಲ್ಲಿತ್ತು ಎಂದರು. ಮೇಲೆ ಹಾಜರಿ ಪುಸ್ತಕದಲ್ಲಿದ್ದ ಹಾಗೆ ನನ್ನ ತೌರಿನ ಹೆಸರು, ಅದರ ಕೆಳಗೆ ಏಳನೇ ತರಗತಿ. ಒಳಗೆ ಆ ಹಾಳೆ. ಎರಡು ನೀಲಿ ಹೆಬ್ಬೆಟ್ಟು, ಹತ್ತೂವರೆ, ಒಂದು ಹತ್ತು. ಅದು ಯಾವ ಕಂಪನಿಗೂ ಹೋಗಿರಲಿಲ್ಲ. ಮಡಿಕೆಯ ಗೆರೆ ಬಿಟ್ಟರೆ ಅದರ ಮೇಲೆ ಒಂದು ಮುದ್ರೆಯೂ ಇರಲಿಲ್ಲ.

ಆ ಹಾಳೆಯನ್ನು ಇದರ ಜೊತೆಗೇ ಇಟ್ಟಿದ್ದೇನೆ. ರಶ್ಮಿ, ನೀನು ಇದನ್ನು ಪ್ಲಾಸ್ಟಿಕ್ ಹಾಕಿಸುತ್ತೇನೆ ಎನ್ನಬೇಡ, ಶಾಯಿ ಕಿತ್ತು ಬರಬಹುದು. ಹಳೆಯ ಹತ್ತಿಬಟ್ಟೆಯಲ್ಲಿ ಸುತ್ತಿ, ಗೆದ್ದಲು ಹತ್ತದ ಕಡೆ ಇಡಿ. ಪ್ರವೀಣ, ನಿನ್ನ ಗಾಡಿಯ ಕಾಗದಗಳಿರುವ ಡಬ್ಬದಲ್ಲಿ ಜಾಗವಿದ್ದರೆ ಅಲ್ಲೇ ಇಡು. ಕಳೆಯಬೇಡಿ.

ಬರೆದು ಮುಗಿಸಿದ್ದು ಬೆಳಿಗ್ಗೆ ಹನ್ನೊಂದೂ ಕಾಲಿಗೆ.